ಗೌರಕ್ಕನ ಅರ್ಧ ನಿಮಿಷ

ಕೊರಟಗೆರೆಯ ಹೊರಗೆ, ಹಳೇ ಸೊಸೈಟಿ ಕಟ್ಟಡದ ಮಹಡಿಯಲ್ಲಿ 'ಊರಬಾಗಿಲು' ಎಂಬ ಸಮುದಾಯ ಬಾನುಲಿ ಕೇಂದ್ರವಿದೆ. ಗಾಳಿ ಒಳ್ಳೆಯದಿದ್ದರೆ ಅದರ ದನಿ ಮಧುಗಿರಿಯವರೆಗೂ ಕೇಳುತ್ತದೆ ಎಂದು ಅದನ್ನು ಕಟ್ಟಿದ ನಿವೃತ್ತ ಮೇಷ್ಟ್ರು ನಂದೀಶ್ವರಯ್ಯ ಹೇಳಿಕೊಳ್ಳುತ್ತಾರೆ. ಗಾಳಿಗೂ ರೇಡಿಯೋಗೂ ಏನು ಸಂಬಂಧ ಅಂತ ಕೇಳುವ ಧೈರ್ಯ ಯಾರಿಗೂ ಇಲ್ಲ. ಕೇಳಬೇಕಾದವರೆಲ್ಲ ಅವರ ಕೈಯಲ್ಲಿ ಏಟು ತಿಂದು ಓದಿದವರೇ.

ಸುತ್ತಲ ಹಳ್ಳಿಗಳಲ್ಲಿ ಯಾರಾದರೂ ತೀರಿಕೊಂಡರೆ ಮೊದಲು ಒಂದು ನಿಮಿಷ ಮೌನ, ಆಮೇಲೆ ಹೆಸರು. ಇದು ಕೇಂದ್ರದ ಪದ್ಧತಿ. ಬರೀ ಬಾಯಿ ಮುಚ್ಚಿಕೊಂಡು ಕೂತರೆ ಫ್ಯಾನಿನ ಸದ್ದು, ರಸ್ತೆಯ ಎಮ್ಮೆಯ ಸದ್ದು ಮೈಕಿನಲ್ಲಿ ಹೋಗುತ್ತದೆ, ಸತ್ತವರಿಗೆ ಅದು ಮರ್ಯಾದೆಯಲ್ಲ. ಅದಕ್ಕೇ ಮೇಷ್ಟ್ರು, ಮೈಕಿನ ದನಿಯನ್ನು ಮುಂದಕ್ಕೆ ಕಳಿಸುವ ಮಿಕ್ಸರ್ ಪೆಟ್ಟಿಗೆಯ ಸ್ವಿಚ್ಚನ್ನೇ ಆರಿಸುತ್ತಿದ್ದರು. ರೇಡಿಯೋದಲ್ಲಿ 'ಟಕ್' ಎಂದರೆ ಸಾಕು, ಹೊಲದಲ್ಲಿದ್ದವರು ತಲೆಗೆ ಕಟ್ಟಿದ ಟವೆಲ್ ಬಿಚ್ಚುತ್ತಿದ್ದರು. ಹೀಗೆ ಆರಿಸಿ ಹಾಕಿ ಮಾಡಿದರೆ ಒಂದು ದಿನ ಮಿಕ್ಸರಿಗೂ ಮೌನ ಆಚರಿಸಬೇಕಾಗುತ್ತದೆ ಎಂದು ರಿಪೇರಿಯ ರಂಗೇಶ್ ಬಂದಾಗಲೆಲ್ಲ ಗೊಣಗುತ್ತಿದ್ದ. ಮೇಷ್ಟ್ರು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಈ ಪದ್ಧತಿಯಲ್ಲಿ ಅವರು ತಪ್ಪಿದ್ದು ಒಂದೇ ಸಲ. ನಾಲ್ಕು ವರ್ಷದ ಹಿಂದೆ ಕುರಿ ಮೇಯಿಸುವ ಮೂಡಲಗಿರಿಯಪ್ಪನ ಹೆಂಡತಿ ಗೌರಕ್ಕ ತೀರಿಕೊಂಡಳು. ಅಂದು ಸಂದರ್ಶನಕ್ಕೆ ಬಂದಿದ್ದ ಕೃಷಿ ಅಧಿಕಾರಿಗೆ ಬಸ್ಸಿನ ಅವಸರ. ಅವರು ಗಡಿಯಾರ ನೋಡಿದರು, ಮೇಷ್ಟ್ರು ಅರ್ಧ ನಿಮಿಷಕ್ಕೇ ಸ್ವಿಚ್ಚು ಹಾಕಿಬಿಟ್ಟರು. ಅಲ್ಲಿಯವರೆಗೆ ದಿನಾ ಸಂಜೆ ಮೆಟ್ಟಿಲ ಮೇಲೆ ಕೂತು ಮೇಷ್ಟ್ರ ಜೊತೆ ಚಹಾ ಕುಡಿಯುತ್ತಿದ್ದ ಮೂಡಲಗಿರಿಯಪ್ಪ ಅಂದಿನಿಂದ ಮಾತು ಬಿಟ್ಟ. ದಿನವೂ ಅದೇ ರಸ್ತೆಯಲ್ಲಿ ಕುರಿ ಹೊಡೆದುಕೊಂಡು ಹೋಗುತ್ತಾನೆ, ಕಟ್ಟಡ ಬಂದ ಕೂಡಲೇ ಮುಖ ಆಚೆ ತಿರುಗಿಸುತ್ತಾನೆ. ಕುರಿಯ ಸದ್ದು ಕೇಳಿದರೆ ಮೇಷ್ಟ್ರು ಕಿಟಕಿಗೆ ಬಂದು ನಿಲ್ಲುತ್ತಿದ್ದರು. ಆದರೆ ಕ್ಷಮೆ ಕೇಳಿ ಅವರಿಗೆ ಅಭ್ಯಾಸವಿರಲಿಲ್ಲ. ಮೂವತ್ತಾರು ವರ್ಷ ಬೇರೆಯವರಿಂದ ಕೇಳಿಸಿಕೊಂಡೇ ಗೊತ್ತು.

ಮೊನ್ನೆ ಮಧ್ಯಾಹ್ನ ನಾಲ್ಕು ಗಂಟೆಗೆ ಉದ್ಘೋಷಕಿ ಯಶಸ್ವಿನಿ ಹುಣಸೆಹಣ್ಣು ಕೆಡದ ಹಾಗೆ ಇಡುವುದು ಹೇಗೆಂದು ಹೇಳುತ್ತಿದ್ದಳು. 'ಉಪ್ಪು' ಎಂದಳು. 'ಟಕ್' ಎಂದಿತು. ಮಿಕ್ಸರಿನ ದೀಪಗಳೆಲ್ಲ ಆರಿದವು.

ಗೋಡೆಯ ಮೇಲೆ 'ಪ್ರಸಾರ ನಿಂತರೆ' ಎಂಬ ಸೂಚನೆ ಅಂಟಿಸಿತ್ತು. ಗಾಬರಿಯಾಗಬಾರದು, ವಿದ್ಯುತ್ ನೋಡಬೇಕು, ರಿಜಿಸ್ಟರಿನಲ್ಲಿ ಸಮಯ ಬರೆಯಬೇಕು, ರಂಗೇಶನನ್ನು ಕರೆಯಬೇಕು. ಮೇಷ್ಟ್ರೂ ಯಶಸ್ವಿನಿಯೂ ಸೇರಿ ಎಲ್ಲ ಮಾಡಿದರು. ರಂಗೇಶ್ ಮಧುಗಿರಿಯಲ್ಲಿದ್ದ, ಬಸ್ಸು ಹತ್ತಿದೆ ಎಂದ. ಜನ ಏನು ತಿಳಿದುಕೊಳ್ಳಬಹುದು ಎಂಬುದರ ಬಗ್ಗೆ ಆ ಸೂಚನೆಯಲ್ಲಿ ಒಂದಕ್ಷರವೂ ಇರಲಿಲ್ಲ.

ದನಿಯನ್ನು ಗಾಳಿಗೆ ಬಿಡುವ ಟ್ರಾನ್ಸ್‌ಮೀಟರೇ ಕೆಟ್ಟಿದ್ದರೆ ರೇಡಿಯೋಗಳು ಗೊರ್ ಅನ್ನುತ್ತಿದ್ದವು, ಜನ ಬೈದುಕೊಂಡು ಸುಮ್ಮನಾಗುತ್ತಿದ್ದರು. ಅದು ಗಟ್ಟಿಯಾಗಿತ್ತು, ಸತ್ತಿದ್ದು ಮಿಕ್ಸರ್ ಮಾತ್ರ. ಹಾಗಾಗಿ ಸುತ್ತಲ ಮೂವತ್ತು ಹಳ್ಳಿಯಲ್ಲೂ ಶುದ್ಧ ಮೌನ ಪ್ರಸಾರವಾಗತೊಡಗಿತು.

ಐದು ನಿಮಿಷಕ್ಕೆ ಮೊದಲ ಫೋನು ಬಂತು. "ಯಾರಮ್ಮ?"

"ಯಾರೂ ಇಲ್ಲ, ಮೆಷಿನ್ ಕೆಟ್ಟಿದೆ," ಎಂದಳು ಯಶಸ್ವಿನಿ.

"ಆಗ್ಲಿ ಬುಡಮ್ಮ. ನಿಧಾನಕ್ಕೇ ಹೇಳು, ಗಟ್ಟಿ ಮನಸ್ಸು ಮಾಡ್ಕಂಡಿದೀವಿ."

ಮೌನ ಉದ್ದವಾದಷ್ಟೂ ಜನರ ಬಾಯಲ್ಲಿ ಸತ್ತವರು ದೊಡ್ಡವರಾಗುತ್ತ ಹೋದರು. ಹತ್ತು ನಿಮಿಷಕ್ಕೆ ಪಂಚಾಯ್ತಿ ಸದಸ್ಯರೊಬ್ಬರು ಸತ್ತರು. ಅವರೇ ಫೋನು ಮಾಡಿ ಯಾರೆಂದು ವಿಚಾರಿಸಿದ್ದರಿಂದ ಬದುಕಿದರು. ಇಪ್ಪತ್ತು ನಿಮಿಷಕ್ಕೆ ಅಂಗಡಿಗಳು ಅರ್ಧ ಷಟರ್ ಎಳೆದವು. ಅರ್ಧ ಗಂಟೆಯಾದಾಗ, ಇಷ್ಟು ಮೌನ ಸಲ್ಲುವುದು ನಂದೀಶ್ವರಯ್ಯ ಮೇಷ್ಟ್ರೊಬ್ಬರಿಗೇ ಎಂದು ಜನ ತೀರ್ಮಾನಿಸಿದರು. ಬಟ್ಟೆ ಅಂಗಡಿಯ ಚಂದ್ರಶೇಖರಯ್ಯ ಆಳೆತ್ತರದ ಹಾರ ಹಿಡಿದು ಮೆಟ್ಟಿಲು ಹತ್ತಿ ಬಂದು, ಕುರ್ಚಿಯ ಮೇಲೆ ಕೂತಿದ್ದ ಮೇಷ್ಟ್ರನ್ನು ನೋಡಿ ಬೇಜಾರು ಮಾಡಿಕೊಂಡರು.

"ಅಂಗಡಿ ಮುಚ್ಚಿ ಬಂದೆ ಮೇಷ್ಟ್ರೇ," ಎಂದರು.

"ನಾನೇನ್ ಮಾಡ್ಲಪ್ಪ ಅದಕ್ಕೆ?"

ಸಾವಿಗೆಂದು ತಂದ ಹಾರವನ್ನು ವಾಪಸು ಒಯ್ಯಬಾರದು, ಬದುಕಿರುವವರಿಗೆ ಹಾಕಲೂಬಾರದು. ಚಂದ್ರಶೇಖರಯ್ಯ ಬಹಳ ಯೋಚಿಸಿ ಅದನ್ನು ಮಿಕ್ಸರಿಗೆ ಹಾಕಿ ಕೈಮುಗಿದು ಹೋದರು.

ಅವರ ಹಿಂದೆಯೇ ಮೂಡಲಗಿರಿಯಪ್ಪ ಬಂದ. ಕೈಯಲ್ಲಿ ರೇಡಿಯೋ, ಕೆಳಗೆ ರಸ್ತೆ ತುಂಬ ಕುರಿ. ನಾಲ್ಕು ವರ್ಷದ ಮೇಲೆ ಅವನ ಮುಖ ಎದುರಿಗೆ ಕಂಡು ಮೇಷ್ಟ್ರಿಗೆ ಎದೆ ಹಗುರಾಯಿತು. ಆದರೆ ಅವನು ಅಳಲು ಬಂದಿರಲಿಲ್ಲ, ಜಗಳಕ್ಕೆ ಬಂದಿದ್ದ.

"ಯಾರಿಗ್ ಮೇಷ್ಟ್ರೇ ಇದು? ನಮ್ ಗೌರಿಗೆ ಕೊಟ್ಟಿದ್ದು ಎಲೆಗೆ ಸುಣ್ಣ ಹಚ್ಚೋದ್ರೊಳಗೆ ಮುಗ್ದೋಯ್ತು. ಇದ್ಯಾವ್ ಮಹಾರಾಯ, ನಲವತ್ ನಿಮಿಷದೋನು?"

"ಯಾರೂ ಸತ್ತಿಲ್ಲ ಗಿರಿಯಪ್ಪ. ಮೆಷಿನ್ ಕೆಟ್ಟಿದೆ."

ಹಾರ ಹಾಕಿಸಿಕೊಂಡಿದ್ದ ಮಿಕ್ಸರನ್ನು ಅವನು ಒಂದು ಗಳಿಗೆ ನೋಡಿದ. ನಂಬಿದನೋ ಇಲ್ಲವೋ, ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕೂತ.

ರಂಗೇಶ್ ಬಂದ, ಹಾರ ಸರಿಸಿ ಪೆಟ್ಟಿಗೆ ಬಿಚ್ಚಿದ, ಏನೋ ಬೆಸುಗೆ ಹಾಕಿದ. ದೀಪ ಹತ್ತಿತು. "ಸಾರ್, ತೇಪೆ ಅಷ್ಟೇ ಹಾಕಿರೋದು. ನಾಳೆ ಹೊಸ ಪಾರ್ಟ್ ತರ್ತೀನಿ. ಅಲ್ಲೀಗಂಟ ಯಾರ್ ಸತ್ರೂ ಆ ಸ್ವಿಚ್ ಮುಟ್ಬೇಡಿ. ಒಂದ್ಸಲ ಆರಿದ್ರೆ ಮತ್ತೆ ಏಳಲ್ಲ," ಎಂದ.

ಮೇಷ್ಟ್ರಿಗೆ ತಟ್ಟನೆ ಒಂದು ಉಪಾಯ ಹೊಳೆಯಿತು. ಮೈಕಿಗೆ ಕೈ ಹಾಕುತ್ತ, "ಈ ಒಂದು ಗಂಟೆಯೂ ಗೌರಕ್ಕನಿಗೇ ಅಂತ ಹೇಳಿಬಿಡ್ತೀನಿ ಗಿರಿಯಪ್ಪ. ಈ ಜಿಲ್ಲೆಯಲ್ಲಿ ಯಾರಿಗೂ ಇಷ್ಟು ಸಿಕ್ಕಿಲ್ಲ," ಎಂದರು.

"ಬ್ಯಾಡಿ," ಎಂದ ಮೂಡಲಗಿರಿಯಪ್ಪ. "ಕೆಟ್ಟೋಗಿದ್ದನ್ನ ತಂದು ಅವ್ಳ ಹೆಸ್ರಿಗ್ ಕಟ್‌ಬ್ಯಾಡಿ. ಅದು ತಾನಾಗೇ ಸುಮ್ಕಾಗಿದ್ದು. ನೀವ್ ಆರ್ಸಿದ್ದಲ್ಲ."

ಮೇಷ್ಟ್ರಿಗೆ ಕಪಾಳಕ್ಕೆ ಹೊಡೆದಂತಾಯಿತು. ಅವರು ರಂಗೇಶನನ್ನೂ ನೋಡಲಿಲ್ಲ, ಯಶಸ್ವಿನಿಯನ್ನೂ ನೋಡಲಿಲ್ಲ. ಮೈಕು ಹತ್ತಿರಕ್ಕೆ ಎಳೆದುಕೊಂಡರು.

"ನಮಸ್ಕಾರ. ಇಷ್ಟು ಹೊತ್ತು ಆಗಿದ್ದು ಮೌನವಲ್ಲ, ಯಂತ್ರ ಕೆಟ್ಟಿತ್ತು. ಯಾರೂ ಸತ್ತಿಲ್ಲ, ನಾನೂ ಸತ್ತಿಲ್ಲ. ನಾಲ್ಕು ವರ್ಷದ ಹಿಂದೆ ಗೌರಕ್ಕನವರಿಗೆ ಸಲ್ಲಬೇಕಾದ ಮೌನದಲ್ಲಿ ನಾನು ಅರ್ಧ ನಿಮಿಷ ಕಡಿಮೆ ಮಾಡಿದೆ. ಅದು ನನ್ನ ತಪ್ಪು. ಕ್ಷಮಿಸಬೇಕು. ಇನ್ನು ಆಗುವುದು ಮೌನ."

"ಸಾರ್, ಬೇಡ," ಎಂದ ರಂಗೇಶ್.

ಮೇಷ್ಟ್ರು ಸ್ವಿಚ್ಚು ಒತ್ತಿದರು. ಬಾಗಿಲ ಬಳಿಯ ರೇಡಿಯೋ 'ಟಕ್' ಎಂದಿತು. ಮೂಡಲಗಿರಿಯಪ್ಪ ಟವೆಲ್ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದ. ಅರ್ಧ ನಿಮಿಷ ಆಯಿತು. ಮೇಷ್ಟ್ರು ಮತ್ತೆ ಸ್ವಿಚ್ಚು ಒತ್ತಿದರು. ದೀಪ ಹತ್ತಲಿಲ್ಲ. ಇನ್ನೊಮ್ಮೆ ಒತ್ತಿದರು. ರಂಗೇಶ್ ತಲೆಯ ಮೇಲೆ ಕೈ ಹೊತ್ತು ಕೂತ. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು. ಈ ಸಲ ಒಂದು ಫೋನೂ ಬರಲಿಲ್ಲ. ಕೆಳಗೆ ಕುರಿಗಳು ಮಾತ್ರ ಅರಚುತ್ತಿದ್ದವು.

ಮೂಡಲಗಿರಿಯಪ್ಪ ಕಣ್ಣೊರೆಸಿಕೊಂಡು ತಲೆ ಎತ್ತಿದ.

"ಸಾಕ್ ಮೇಷ್ಟ್ರೇ, ಹಾಕ್ಬುಡಿ," ಎಂದ. "ಇಷ್ಟೊತ್ತು ಸುಮ್ಕಿರೋ ಹೆಂಗ್ಸಲ್ಲ ಅವ್ಳು."

ಮೇಷ್ಟ್ರು ಹನ್ನೊಂದನೆಯ ಸಲ ಸ್ವಿಚ್ಚು ಒತ್ತುತ್ತಿದ್ದರು.