ಹತ್ತು ನಿಮಿಷದ ಮಾತು

“ಹಿಡಿದಿಟ್ಕೋ ಅಂತ ನಾನೆಲ್ಲಿ ಹೇಳ್ದೆ? ಹತ್ತು ನಿಮಿಷ ಮಾತಾಡ್ತಿರು, ಅಷ್ಟೆ,” ಎಂದು ಸಾರ್ಜೆಂಟ್ ಹಾಲ್‌ಬ್ರುಕ್ ಫೋನಿಟ್ಟ.

ಜೈಲಿನ ಬಿಡುಗಡೆ ಕೌಂಟರಿನಲ್ಲಿ ಕೂತಿದ್ದ ಅನ್ಸೆಲ್ಮೊ ಕಿರೋಗಾ ಗಾಜಿನಾಚೆ ನಿಂತವನನ್ನು ನೋಡಿದ. ನಿಕಾನೋರ್, ಮಾಂಸದ ಕಾರ್ಖಾನೆಯ ಕೂಲಿ. ಲೈಸೆನ್ಸ್ ಇಲ್ಲದೆ ಕಾರು ಓಡಿಸಿದ್ದಕ್ಕೆ ಕೌಂಟಿ ಜೈಲಿನಲ್ಲಿ ಎರಡು ದಿನ ಕಳೆದಿದ್ದ. ಬೆಳಿಗ್ಗೆ ನ್ಯಾಯಾಧೀಶರು ಬಿಟ್ಟುಬಿಡಿ ಎಂದಿದ್ದರು. ಅವನ ವಸ್ತುಗಳನ್ನು ಕೊಟ್ಟು ಸಹಿ ಹಾಕಿಸಿಕೊಂಡರೆ ಮುಗಿಯಿತು. ಆಮೇಲೆ ಮುಂಬಾಗಿಲು, ಅದರಾಚೆ ಕಾರಿನಲ್ಲಿ ಹೆಂಡತಿ.

ಬಿಡುಗಡೆಯಾದವನನ್ನು ಒಂದು ನಿಮಿಷವೂ ಇಟ್ಟುಕೊಳ್ಳುವಂತಿಲ್ಲ ಎಂದು ಕೌಂಟಿಯ ವಕೀಲರು ಬರೆದುಕೊಟ್ಟಿದ್ದರು. ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಹಾಗಾಗಿ ಕಾಗದಪತ್ರವಿಲ್ಲದೆ ದೇಶದೊಳಗೆ ಬಂದವರನ್ನು ಒಯ್ಯುವ ವಲಸೆ ಇಲಾಖೆಯ ಗಾಡಿ ಬರುವ ತನಕ ಯಾರನ್ನೂ ಇಟ್ಟುಕೊಳ್ಳುತ್ತಿರಲಿಲ್ಲ; ಮಾತಾಡಿಸುತ್ತಿದ್ದರು. ಸ್ಪ್ಯಾನಿಷ್ ಬಲ್ಲ, ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿದ, ತಲೆ ನರೆತ ಅನ್ಸೆಲ್ಮೊ ಆ ಕೆಲಸಕ್ಕೆ ಹೇಳಿ ಮಾಡಿಸಿದಂತಿದ್ದ.

ಬೆಲ್ಟು ಕೊಟ್ಟ. ಶೂ ಲೇಸು ಕೊಟ್ಟ. ಕೊರಳಿನ ಪದಕವನ್ನು ಕೈಯಲ್ಲೇ ಹಿಡಿದು ತಿರುಗಿಸಿದ.

“ಅತೋಚಾದ ಬಾಲಯೇಸು. ಸಾಕತೇಕಾಸ್ ಕಡೆಯೋನಾ ತಮ್ಮಾ?” ಎಂದು ಸ್ಪ್ಯಾನಿಷಿನಲ್ಲಿ ಕೇಳಿದ.

ನಿಕಾನೋರ್‌ನ ಮುಖ ಅರಳಿತು. “ಹೌದು ಯಜಮಾನ್ರೇ! ನೀವೂ?”

“ನಮ್ಮಮ್ಮ.”

“ಹಂಗಾದ್ರೆ ನಮ್ಮೋರೇ ಬಿಡಿ. ಮದ್ವೆ ಊಟದ ಹಂದಿ ಸಾರು ತಿಂದಿರ್ತೀರ, ಕೆಂಪು ಮೆಣಸಿಂದು.”

“ಕಿತ್ತಳೆ ಸಿಪ್ಪೆ ಹಾಕ್ತಾರೆ.”

“ಹಾಕ್ದಿದ್ರೆ ಅದೆಂಥಾ ಮದ್ವೆ? ನಮ್ಮತ್ತೆ ಹಾಕಲ್ಲ. ಹದಿನಾಲ್ಕು ವರ್ಷದಿಂದ ಇದೇ ಜಗಳ!”

ಅನ್ಸೆಲ್ಮೊ ನಕ್ಕ. ನಟನೆಯಲ್ಲ, ನಿಜವಾಗಿಯೇ ನಕ್ಕ. ಈ ಕಟ್ಟಡದಲ್ಲಿ ಅವನೊಡನೆ ಯಾರಾದರೂ ನಕ್ಕು ತಿಂಗಳುಗಳಾಗಿದ್ದವು. ಗಾಡಿಯ ನೆನಪೇ ಒಂದು ಗಳಿಗೆ ಹೋಗಿತ್ತು.

ಲೇಸು ಕಟ್ಟಿಯಾಗಿತ್ತು, ಸಹಿಯೂ ಆಗಿತ್ತು. ನಿಕಾನೋರ್ ಬಾಗಿಲ ಕಡೆ ನೋಡಿದ. ಹೊರಟರೆ ತಡೆಯುವವರಿಲ್ಲ. ಆದರೆ ಹಿರಿಯರು ಮಾತಾಡುತ್ತಿರುವಾಗ ಬೆನ್ನು ತೋರಿಸುವವರ ಮನೆಯಲ್ಲಿ ಅವನು ಬೆಳೆದಿರಲಿಲ್ಲ. ಹೋಗು ಮಾರಾಯ, ಎಂದು ಅನ್ಸೆಲ್ಮೊ ಒಳಗೊಳಗೇ ಕಿರುಚಿದ.

ಬಾಯಿ ಕೇಳಿತು: “ಅತ್ತೆದು ಯಾವೂರು?”

ಉತ್ತರ ಮುಗಿಯುವ ಮುಂಚೆ ಪಕ್ಕದ ಬಾಗಿಲು ತೆರೆದು ವಲಸೆ ಇಲಾಖೆಯ ಇಬ್ಬರು ಬಂದರು. ಕೈಕೋಳ ಬಿತ್ತು.

“ಯಜಮಾನ್ರೇ, ನೀವಾದ್ರೂ ಹೇಳಿ ಇವ್ರಿಗೆ! ಜಡ್ಜೇ ಬಿಟ್ಟಿದಾರೆ ಅಂತ!”

“ಸಹಿ ಸರಿಯಾಗಿದೆ,” ಎಂದ ಅನ್ಸೆಲ್ಮೊ. ಯಾರಿಗೆ ಹೇಳಿದನೋ. ಅವರು ನಿಕಾನೋರ್‌ನನ್ನು ಅದೇ ಪಕ್ಕದ ಬಾಗಿಲಿನಿಂದ ಕರೆದೊಯ್ದರು.

ಕಾನೂನಿನ ಒಂದಕ್ಷರವೂ ಮುರಿದಿರಲಿಲ್ಲ. ಅದೇ ಅನ್ಸೆಲ್ಮೊನ ರಕ್ತ ಕುದಿಸಿತು. ಥೂ, ಕಳ್ಳರೂ ಇಷ್ಟು ಅಚ್ಚುಕಟ್ಟಾಗಿ ಕದಿಯುವುದಿಲ್ಲ! ಅಮ್ಮ ಲಾಲಿ ಹಾಡಿದ ಮಾತಿನಲ್ಲೇ ಒಬ್ಬನನ್ನು ಕಟ್ಟಿಹಾಕಿಕೊಟ್ಟಿದ್ದ.

ಹಾಲ್‌ಬ್ರುಕ್‌ನ ಫೋನು ಬಂತು. “ಚೆನ್ನಾಗ್ ಮಾಡ್ದೆ. ಅವನ ಹೆಂಡ್ತಿ ಒಳಗ್ ಬರ್ತಿದಾಳೆ. ವಲಸೆಯೋರು ಅವಳ ಹೆಸರೂ ಪಟ್ಟೀಲಿ ನೋಡ್ತಿದಾರಂತೆ. ಐದ್ ನಿಮಿಷ.”

“ಅವಳ ಮೇಲೆ ಕೇಸೇ ಇಲ್ಲ ಸರ್.”

“ಅದಕ್ಕೇ ಕಣಯ್ಯಾ, ಮಾತಾಡ್ಸು ಅಂದಿದ್ದು.”

ಹೆಂಡತಿ ಗಾಜಿನ ಮುಂದೆ ನಿಂತಳು. ಹರುಕುಮುರುಕು ಇಂಗ್ಲಿಷಿನಲ್ಲಿ ಗಂಡನ ಹೆಸರು ಹೇಳಿ, “ಬಂದ್ರಾ? ಕಾರ್ ಆಫ್ ಮಾಡಿಲ್ಲ ನಾನು,” ಎಂದಳು.

ಓಡು ತಾಯಿ ಎನ್ನಲು ಎರಡೇ ಪದ ಸಾಕಿತ್ತು. ಅನ್ಸೆಲ್ಮೊ ಬಾಯಿ ತೆರೆದ.

“ಕೂತ್ಕೋಮ್ಮಾ,” ಎಂದು ಅವಳದೇ ಭಾಷೆಯಲ್ಲಿ ಹೇಳಿಬಿಟ್ಟ.

ಅವಳ ಹೆಗಲು ಸಡಿಲವಾಯಿತು. “ಅಯ್ಯೋ ಅಣ್ಣಾ, ನಮ್ಮೋರಾ!” ಎನ್ನುತ್ತ ಹೊರಗೋಡಿದಳು. ಹೋಗಿಬಿಡಲಿ, ದೇವರೇ, ಹಾಗೇ ಹೋಗಿಬಿಡಲಿ ಎಂದು ಅವನು ಮೇಜು ಹಿಡಿದು ಕೂತ. ಅವಳು ಎಂಜಿನ್ ಆರಿಸಿ ವಾಪಸ್ ಬಂದಳು. ಗಾಜಿನ ಕೆಳಗೆ ಕೈದಿಗಳ ವಸ್ತು ಹಾಕುವ ತಟ್ಟೆ ಇತ್ತು. ಯಾರೂ ಕೇಳದೆಯೇ ಅದರಲ್ಲಿ ಕಾರಿನ ಕೀಲಿ, ಫೋನು, ಕೈಗವಸುಗಳನ್ನು ಒಂದೊಂದಾಗಿ ಇಟ್ಟು, ಕುರ್ಚಿ ಎಳೆದುಕೊಂಡು ಕೂತಳು.