ಮೂರು ಡಿಗ್ರಿ ತಡವಾದ ಕಿಡಿ

ಗಂಡನ ಕೆಂಪು ಸ್ಪೋರ್ಟ್ಸ್ ಕಾರಿಗೆ ವೇಗ ಏರಿಸುವ ನೈಟ್ರಸ್ ಗ್ಯಾಸಿನ ಸಿಲಿಂಡರ್ ಕೂರಿಸಿದಂದಿನಿಂದ ಅವಳಿಗೆ ಊಟ ಸರಿಯಾಗಿ ಒಳಗಿಳಿದಿರಲಿಲ್ಲ. ಗಂಡ ಮಾತ್ರ ಹೊಸ ಸೈಕಲ್ ಸಿಕ್ಕ ಹುಡುಗನಂತೆ ಓಡಾಡಿಕೊಂಡಿದ್ದ. ಭಾನುವಾರ ಬೆಳಿಗ್ಗೆ, ವಿಮಾನಗಳು ಮರೆತುಬಿಟ್ಟ ಹಳೆಯ ರನ್‌ವೇ ಮೇಲೆ ಪಂದ್ಯ. ಎಂಜಿನ್ ಕಟ್ಟಿದವಳು ಅವಳು. ಅದು ಒಡೆದರೆ ಒಡೆದದ್ದು ಅವಳ ಎರಡು ವರ್ಷದ ದುಡಿಮೆ.

"ಅಷ್ಟು ಯಾಕೆ ಹೆದರ್ತೀಯ? ಒಂದು ಗುಂಡಿ ಒತ್ತೋದು, ಗ್ಯಾಸ್ ಬರುತ್ತೆ, ಹೋಗೋದು," ಅಂದಿದ್ದ ಗಂಡ.

"ರೀ, ಉಯ್ಯಾಲೆ ತೂಗಿದ್ದೀರಲ್ಲ? ಅದು ಇನ್ನೂ ನಿಮ್ಮ ಕಡೆ ಬರ್ತಿರುವಾಗಲೇ ಎದುರು ತಳ್ಳಿದ್ರೆ ಏನಾಗುತ್ತೆ?"

"ಮಣಿಕಟ್ಟು ಮುರಿಯುತ್ತೆ."

"ಅಷ್ಟೇ. ನೈಟ್ರಸ್ ಸೇರಿದ್ರೆ ಪೆಟ್ರೋಲು ಬೇಗ ಉರಿಯುತ್ತೆ. ಕಿಡಿ ಮೊದಲಿನ ಹೊತ್ತಿಗೇ ಹಾರಿದ್ರೆ ಪಿಸ್ಟನ್ ಮೇಲೆ ಬರೋಷ್ಟರಲ್ಲೇ ಅದಕ್ಕೆ ಏಟು. ಅದಕ್ಕೇ ಕಿಡಿ ತಡ ಆಗ್ಬೇಕು. ಎಂಜಿನ್ನಿನ ಒಂದು ಸುತ್ತಲ್ಲಿ ಮೂರು ಡಿಗ್ರಿ."

ಶನಿವಾರ ಸಂಜೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿ, ಎಂಜಿನ್ನಿನ ವೇಗ ಏರಿಸಿ, ಕಿಡಿ ಹಾರುವ ಹೊತ್ತು ತೋರಿಸುವ ಟೈಮಿಂಗ್ ಲೈಟ್ ಹಿಡಿದು ನೋಡಿದಳು. ಮೂವತ್ತನಾಲ್ಕು ಡಿಗ್ರಿಯಲ್ಲಿದ್ದ ಗುರುತು ಮೂವತ್ತೊಂದಕ್ಕೆ ಬಂದಿತ್ತು; ಅಂಕಿ ಇಳಿದಷ್ಟೂ ಕಿಡಿ ತಡ. ಮತ್ತೆ ನೋಡಿದಳು. ಕೈ ತೊಳೆದು ಬಂದು ಇನ್ನೊಮ್ಮೆ ನೋಡಿದಳು.

ಗ್ಯಾರೇಜು ಅವಳ ಅಪ್ಪನದು. ಅಪ್ಪ ಜನ್ಮದಲ್ಲಿ ಟೈಮಿಂಗ್ ಲೈಟ್ ಮುಟ್ಟಿದವರಲ್ಲ. ಅದಕ್ಕೆ "ನಿನ್ನ ಟಾರ್ಚು" ಎನ್ನುತ್ತಿದ್ದರು. ಬಾನೆಟ್ ಮೇಲೆ ಅಂಗೈಯಿಟ್ಟು, ಕತ್ತು ವಾಲಿಸಿ, ಶಬ್ದ ಇಂಪಾಗುವವರೆಗೆ ತಿರುಗಿಸುವುದು ಅವರ ಪದ್ಧತಿ. ನಲವತ್ತು ವರ್ಷ ಆ ಕಿವಿಯೇ ಮನೆ ನಡೆಸಿತ್ತು.

ಭಾನುವಾರ ರನ್‌ವೇಯಲ್ಲಿ ಗಂಡ ಸಾಲಿನಲ್ಲಿ ಮೂರನೆಯವನಾಗಿ ನಿಂತಿದ್ದ. ಅವಳು ಹೆಸರು ಬರೆಸಿ ವಾಪಸ್ ಬರುವಾಗ ಅಪ್ಪ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದರು. ಹಿಂಜೇಬಿನಲ್ಲಿ ಸ್ಪ್ಯಾನರ್ ಇತ್ತು.

"ಕೈ ಯಾಕೆ ಕೊಳೆ ಆಯ್ತಪ್ಪ?"

"ಏನಿಲ್ಲ. ನಿನ್ನ ಎಂಜಿನ್ನು ತೂಕಡಿಸ್ತಿತ್ತು. ಸ್ವಲ್ಪ ಎಬ್ಬಿಸಿದೆ," ಅಂದರು, ಉಪಕಾರ ಮಾಡಿದವರ ನೆಮ್ಮದಿಯಲ್ಲಿ.

ಅಪ್ಪ ಡಿಸ್ಟ್ರಿಬ್ಯೂಟರ್ ತಿರುಗಿಸಿದ್ದರು. ಗಂಡನ ಮುಂದಿದ್ದ ಜೋಡಿ ಆಗಲೇ ಹೊರಟಿತ್ತು. ಬಾವುಟದವನು ಗಂಡನಿಗೆ ಬಾ ಎಂದು ಕೈ ಮಾಡುತ್ತಿದ್ದ. ಸುತ್ತಲೂ ಅಪ್ಪನ ಹಳೆಯ ಗಿರಾಕಿಗಳು. ಅವರೆದುರು ಅಪ್ಪನ ಕಿವಿ ತಪ್ಪು ಎನ್ನುವುದು ಹೇಗೆ? ಸಿಲಿಂಡರಿನ ಬಾಯಿ ಮುಚ್ಚಿ, ಗ್ಯಾಸೇ ಬರದಂತೆ ಮಾಡಿ ಸುಮ್ಮನಿದ್ದುಬಿಡಬಹುದಿತ್ತು. ಗುಂಡಿ ಒತ್ತಲು ಹುಡುಗನಂತೆ ಕಾದಿದ್ದ ಗಂಡನ ಮುಖ ನೆನಪಾಯಿತು.

ಅವಳು ಓಡಿದಳು. ಕಾರಿನೆದುರು ಎರಡೂ ಕೈ ಚಾಚಿ ನಿಂತಳು.

"ಏನಮ್ಮ, ಗಾಡಿ ತೆಗೀತೀರೋ, ಸರದಿ ಬಿಡ್ತೀರೋ?" ಅಂದ ಬಾವುಟದವನು.

"ಬಿಡ್ತೀವಿ. ಕೊನೇಲಿ ಹಾಕ್ಕೊಳ್ಳಿ."

ಗಂಡ ತಲೆ ಹೊರಹಾಕಿದ. "ಬಿಡ್ತೀವಾ? ಯಾರನ್ನ ಕೇಳಿ?"

"ಪಕ್ಕಕ್ಕೆ ತನ್ನಿ. ಆಮೇಲೆ ಜಗಳ ಆಡಿ."

ಬಾನೆಟ್ ಎತ್ತಿ ಲೈಟ್ ಬಿಟ್ಟಳು. ಮೂವತ್ತೈದು. ಮೊದಲಿಗಿಂತಲೂ ಒಂದು ಹೆಚ್ಚು.

"ಎಷ್ಟು ಚೆನ್ನಾಗಿ ಹಾಡ್ತಿದೆ ನೋಡು," ಅಂದರು ಹಿಂದೆ ಬಂದ ಅಪ್ಪ.

"ಹೌದಪ್ಪ. ಗ್ಯಾಸ್ ಇಲ್ಲದಿದ್ರೆ ಇದೇ ಸರಿ. ಗ್ಯಾಸ್ ಬಿಟ್ರೆ ಪಿಸ್ಟನ್ ತೂತಾಗುತ್ತೆ." ಅವಳು ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. "ಸ್ಪ್ಯಾನರ್ ನೀವೇ ಹಿಡೀರಿ. ನಾನು ಗುರುತು ನೋಡಿ ಹೇಳ್ತೀನಿ."

ಅಪ್ಪ ಅವಳನ್ನೊಮ್ಮೆ, ಗಿರಾಕಿಗಳನ್ನೊಮ್ಮೆ ನೋಡಿದರು. ಬಗ್ಗಿದರು. ಚೂರುಚೂರೇ ತಿರುಗಿಸಿದಂತೆಲ್ಲ ಶಬ್ದ ಮಂಕಾಯಿತು. ಅಪಸ್ವರದ ಸಂಗೀತ ಕೇಳುವವರಂತೆ ಅವರ ಮುಖ ಕಿವುಚಿಕೊಂಡಿತು.

"ಸಾಕಾ?"

"ಇನ್ನೊಂಚೂರು."

"ಸತ್ತೇ ಹೋಗುತ್ತಲ್ಲೇ ಇದು."

"ಸಾಯಲ್ಲ. ಸಾಕು, ಬಿಗಿ ಮಾಡಿ."

ಎಲ್ಲರ ಕೊನೆಗೆ ಗಂಡ ಹೊರಟ. ಅರ್ಧ ದಾರಿಯಲ್ಲಿ ಗುಂಡಿ ಒತ್ತಿರಬೇಕು. ಹಿಂದಿನಿಂದ ಯಾರೋ ಒದ್ದಂತೆ ಕಾರು ಚಿಮ್ಮಿತು. ಅವಳು ಕಣ್ಣು ಮುಚ್ಚಿಕೊಂಡಳು. ಅಪ್ಪ ಕತ್ತು ವಾಲಿಸಿ ಕೇಳುತ್ತಲೇ ಇದ್ದರು.

"ಪಿಸ್ಟನ್ ಬಡೀತಿಲ್ಲ," ಅಂದರು ಮೆಲ್ಲಗೆ. "ಕಣ್ಣು ಬಿಡು."

ಗಂಡ ಗೆದ್ದನೋ ಸೋತನೋ ಕೇಳುವ ಮೊದಲೇ ಇಬ್ಬರೂ ಬಾನೆಟ್ಟಿನೊಳಗೆ ತಲೆ ತೂರಿಸಿದ್ದರು. ಅಪ್ಪ ಮೊದಲ ಸ್ಪಾರ್ಕ್ ಪ್ಲಗ್ ಬಿಚ್ಚಿ, ಬಟ್ಟೆಯಲ್ಲಿ ಹಿಡಿದು ಬಿಸಿಲಿಗೆ ಒಡ್ಡಿದರು. ಪಿಸ್ಟನ್ ಏಟು ತಿಂದಿದ್ದರೆ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಸಣ್ಣ ಚುಕ್ಕೆಗಳಿರುತ್ತವೆ.

ಅವರು ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ಅವಳ ಕೈಗಿತ್ತರು.

"ನೀನೇ ನೋಡಿ ಹೇಳು. ನನಗೆ ಕೇಳೋದಷ್ಟೇ ಗೊತ್ತು, ಇದನ್ನ ಓದೋದು ಗೊತ್ತಿಲ್ಲ."