ಜನ ಇಲ್ಲದ ಹೊತ್ತಿನ ಟಿಕೆಟ್

"ಆಫ್ ಅಂದ್ರೆ ರಜೆ ಅಲ್ಲ ಕಾಕ. ಜನ ಇಲ್ಲದ ಹೊತ್ತು."

ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಗ್ರೋಸರಿಯಲ್ಲಿ ಅಲಿಕುಂಞಿ ಕಾಕ ಖರ್ಜೂರ ತೂಗುತ್ತ ಮಸೂದನ ಮುಖ ನೋಡಿದರು. ಗಲ್ಫಿನಲ್ಲಿ ತಲೆ ಬೆಳ್ಳಗಾದವರು ಅವರು. ಅವರಿಗೆ ಆಫ್ ಎಂದರೆ ವಾರದ ಬಟ್ಟೆ ಒಗೆಯುವ ದಿನ.

"ಅಂದ್ರೆ ಆಫ್ ಇಲ್ಲದ ದಿನವೂ ಆ ಆಫ್ ಟಿಕೆಟಲ್ಲಿ ಹೋಗ್ಲಿಕ್ಕೆ ಆಗ್ತದಾ?"

"ಆಗ್ತದೆ."

"ಆಫ್ ಇಲ್ಲದೆ ಹೋಗುವುದು ಹೇಗೆ ಮಾರಾಯ?"

ಮಸೂದ್ ನಕ್ಕ. ವಿವರಿಸುವುದೆಂದರೆ ಅವನಿಗೆ ಖುಷಿ. ಬೆಳಿಗ್ಗೆ ಆಫೀಸಿಗೆ ಹೋಗುವ ಹೊತ್ತು, ಸಂಜೆ ಆಫೀಸು ಬಿಡುವ ಹೊತ್ತು, ಅದು ಪೀಕ್. ಆಗ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ, ದರವೂ ಹೆಚ್ಚು. ಉಳಿದ ಹೊತ್ತೆಲ್ಲ ಆಫ್‌ಪೀಕ್. ಆ ಟಿಕೆಟ್ ಇದ್ದರೆ ಉಳಿದ ಹೊತ್ತಿನ ಯಾವ ರೈಲಾದರೂ ಹತ್ತಬಹುದು. ಪೀಕ್ ಹೊತ್ತಿಗೆ ಹೋದರೆ ಮಾತ್ರ ಗೇಟು ತೆರೆಯುವುದಿಲ್ಲ.

"ಇಷ್ಟೇ, ಖಲಾಸ್. ಸ್ವಲ್ಪ ತಲೆ ಓಡಿಸಿದ್ರೆ ಈ ದೇಶದಲ್ಲಿ ನೂಕುನುಗ್ಗಲೇ ಇಲ್ಲ."

"ನಿನ್ನ ತಲೆ ದೊಡ್ಡದು," ಎಂದರು ಕಾಕ, ಪೊಟ್ಟಣ ಕೊಡುತ್ತ. "ಮಗಳ ಮೊದಲನೇ ರಂಜಾನ್ ನೊಂಬು ಅಲ್ವಾ ಇವತ್ತು? ಇದು ಅವಳಿಗೆ. ಸಂಜೆ ನೊಂಬು ಬಿಡುವಾಗ ನೀನೇ ಅವಳ ಬಾಯಿಗೆ ಇಡು."

ಮಸೂದ್ ಖಾಲಿದಿಯಾ ಬಡಾವಣೆಯ ಕಂಪನಿಯೊಂದರಲ್ಲಿ ಅನಲಿಸ್ಟ್. ಅಂಗಡಿಗಳಿಗೆ ಗಿರಾಕಿ ಯಾವಾಗ ಬರುತ್ತಾನೆ, ಯಾವಾಗ ಬರುವುದಿಲ್ಲ ಎಂದು ಹೇಳುವುದು ಅವನ ಕೆಲಸ. ಹೆಂಡತಿ ರುಬೀನಳಿಗೆ ದುಬೈಯ ಶಾಲೆಯಲ್ಲಿ ನೌಕರಿ, ಮಗಳು ಆಮಿರಾ ಅವಳ ಜೊತೆ. ಅವನಿಗೆ ಇಲ್ಲೇ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಒಂದು ರೂಮು. ಎಲ್ಲ ಅನುಕೂಲಕ್ಕೆ ಮಾಡಿಕೊಂಡ ವ್ಯವಸ್ಥೆ. ಎರಡು ವಾರಕ್ಕೊಮ್ಮೆ ಮಧ್ಯಾಹ್ನದ ಖಾಲಿ ರೈಲಿನಲ್ಲಿ ಹೋಗಿ, ಮರುದಿನ ಮಧ್ಯಾಹ್ನದ ಖಾಲಿ ರೈಲಿನಲ್ಲಿ ಬರುತ್ತಿದ್ದ. ಜಗಳವೇನೂ ಇರಲಿಲ್ಲ. ಜಗಳವಾಗುವಷ್ಟು ಹೊತ್ತು ಅವರು ಜೊತೆಗಿರುತ್ತಲೇ ಇರಲಿಲ್ಲ.

ಅವನಿಗೆ ನೊಂಬಿನ ಉಪವಾಸವಿರಲಿಲ್ಲ. ಬೆಳಿಗ್ಗೆ ರೂಮಿನ ಪರದೆ ಎಳೆದು ಕಾಫಿ ಕುಡಿದು, ಲೋಟ ತೊಳೆದಿಟ್ಟು ಹೊರಟಿದ್ದ. ದೇವರ ಮೇಲೆ ಸಿಟ್ಟೇನಿಲ್ಲ. ಹೋದ ವರ್ಷ ಒಂದು ಸಂಜೆ ಒಬ್ಬನೇ ಕೂತು ಖರ್ಜೂರ ಬಾಯಿಗಿಡುವಾಗ, ಇದು ಬರೀ ಹಸಿವು ಅನ್ನಿಸಿತ್ತು. ಮರುದಿನದಿಂದ ನೊಂಬು ಹಿಡಿಯುವುದನ್ನೇ ಬಿಟ್ಟ. ಯಾರಿಗೂ ಹೇಳಿರಲಿಲ್ಲ.

ಮೂರರ ರೈಲು. ಒಂದು ಗಂಟೆಯ ದಾರಿ. ಮಸೀದಿಯಲ್ಲಿ ಸಂಜೆಯ ಬಾಂಗ್ ಆಗುವುದಕ್ಕೆ ಬೇಕಾದಷ್ಟು ಮೊದಲೇ ಮಗಳ ಪಕ್ಕದಲ್ಲಿರುತ್ತಾನೆ. ಸ್ಟೇಷನ್ನಿನಲ್ಲಿ ಯಾಕೋ ಜಾತ್ರೆಯಷ್ಟು ಜನ. ಇವರಿಗೆಲ್ಲ ಏನಾಗಿದೆ ಎಂದುಕೊಳ್ಳುತ್ತ ಫೋನಿನಲ್ಲಿದ್ದ ಟಿಕೆಟನ್ನು ಗೇಟಿಗೆ ಹಿಡಿದ. ಕೆಂಪು ದೀಪ. ಇನ್ನೊಮ್ಮೆ ಹಿಡಿದ. ಮತ್ತೆ ಕೆಂಪು.

ಸಮವಸ್ತ್ರದ ಹೆಂಗಸೊಬ್ಬಳು ಬಂದಳು. ಎದೆಯ ಪಟ್ಟಿಯಲ್ಲಿ ಚಂದ್ರಮತಿ ಎಂದಿತ್ತು. ಅವನ ಇಂಗ್ಲಿಷ್ ಕೇಳಿದವಳೇ, "ಮಂಗ್ಳೂರಾ ಸರ್?" ಎಂದು ಕನ್ನಡಕ್ಕಿಳಿದಳು. "ನಿಮ್ಮದು ಆಫ್‌ಪೀಕ್."

"ಗೊತ್ತು. ಪೀಕ್ ಶುರುವಾಗುವುದು ನಾಲ್ಕಕ್ಕೆ."

"ಅದು ಬೇರೆ ತಿಂಗಳಲ್ಲಿ. ರಂಜಾನಲ್ಲಿ ಆಫೀಸೆಲ್ಲ ಬೇಗ ಬಿಡ್ತದೆ ಅಲ್ವಾ, ಪೀಕೂ ಬೇಗ ಶುರು. ನಿಮ್ಮ ಟಿಕೆಟ್ ಇನ್ನು ಐದೂವರೆಯ ರೈಲಿಗೆ ನಡೀತದೆ."

ತನ್ನ ಆಫೀಸು ಬೇಗ ಬಿಟ್ಟಿದ್ದರಿಂದಲೇ ಅವನು ಈಗ ಇಲ್ಲಿ ನಿಂತಿದ್ದ. ಉಳಿದವರದ್ದೂ ಬಿಟ್ಟಿರುತ್ತದೆ ಎಂಬುದು ಆ ದೊಡ್ಡ ತಲೆಗೆ ಹೊಳೆದಿರಲಿಲ್ಲ.

"ಬೇಜಾರು ಮಾಡ್ಬೇಡಿ ಸರ್, ಸ್ವಲ್ಪ ಡಿಫರೆನ್ಸ್ ಕೊಟ್ರೆ ಇದೇ ರೈಲಿಗೆ ಹೋಗ್ಬಹುದು. ಸೀಟುಂಟು."

ಕೈ ಕಾರ್ಡಿಗಾಗಿ ಜೇಬಿಗೆ ಹೋಯಿತು. ಅಲ್ಲೇ ಉಳಿಯಿತು. ಎದೆ ಹಗುರಾದಂತಾಗಿತ್ತು. ಯಾಕೆಂದು ಅವನಿಗೆ ತಕ್ಷಣ ಗೊತ್ತಾಯಿತು, ಗೊತ್ತಾದದ್ದಕ್ಕೆ ನಾಚಿಕೆಯೂ ಆಯಿತು. ರುಬೀನಳ ಉಮ್ಮ, ಅಣ್ಣ, ಅತ್ತಿಗೆ ಎಲ್ಲ ಬಂದಿರುತ್ತಾರೆ. ಎಲ್ಲರೂ ಹಸಿದು ಕೂತಿರುತ್ತಾರೆ. ಅವರ ನಡುವೆ ಹೊಟ್ಟೆ ತುಂಬಿದವನು ತಾನೊಬ್ಬನೇ, ಮಗಳ ಬಾಯಿಗೆ ಖರ್ಜೂರ ಇಡಬೇಕು.

"ಪರವಾಗಿಲ್ಲ, ಕಾಯ್ತೇನೆ. ರೂಲ್ ಅಂದ್ರೆ ರೂಲ್."

ಚಂದ್ರಮತಿ ಅವನನ್ನೇ ಒಂದು ಕ್ಷಣ ನೋಡಿ, ಹಿಂದಿನವರಿಗೆ ದಾರಿ ಬಿಡಿ ಎಂದಳು.

ಬೆಂಚಿನ ಮೇಲೆ ಕೂತು ರುಬೀನಳಿಗೆ ಫೋನ್ ಮಾಡಿದ.

"ಟ್ರೈನಿನವರ ರೂಲಂತೆ. ಐದೂವರೆಗೆ ಬಿಡ್ತಾರೆ."

"ನೀವು ದಾರಿಯಲ್ಲಿರುವಾಗಲೇ ಬಾಂಗ್ ಆಗ್ತದೆ."

"ಇಳಿದ ಕೂಡಲೇ ಬರ್ತೇನೆ."

"ಬಸ್ಸು?"

"ಟ್ರಾಫಿಕ್."

"ಬೇರೆ ಟಿಕೆಟ್ ಸಿಗುದಿಲ್ವಾ?"

ಆ ಕಡೆ ಎಣ್ಣೆಯಲ್ಲಿ ಏನೋ ಚುರುಗುಟ್ಟುತ್ತಿತ್ತು.

"ನೀವು ಬರುವುದು ಯಾವಾಗಲೂ ಜನ ಇಲ್ಲದ ಹೊತ್ತಿಗೆ," ಎಂದಳು ರುಬೀನ. ದನಿಯಲ್ಲಿ ಸಿಟ್ಟಿರಲಿಲ್ಲ. "ಇವತ್ತು ಮನೆಯಲ್ಲಿ ಜನ ಇದ್ದಾರೆ."

ಅವನ ಕಣ್ಣೆದುರೇ ರೈಲುಗಳು ತುಂಬಿ ಹೋದವು. ಪ್ರತಿಯೊಂದರಲ್ಲೂ ಸೀಟಿತ್ತೇನೋ. ಅವನು ಎದ್ದು ನೋಡಲಿಲ್ಲ.

ಐದೂವರೆಗೆ ಗೇಟು ಹಸಿರಾಯಿತು. ತನ್ನ ಲೆಕ್ಕ ಕೊನೆಗೂ ಸರಿಯಾಯಿತು ಎಂದುಕೊಂಡು ಒಳಗೆ ಹೋದ. ಬೋಗಿಯಲ್ಲಿ ಅವನೊಬ್ಬನೇ. ರೈಲು ಹೊರಟಿತು. ಊರು ಮುಗಿದು ಮರಳು ಶುರುವಾಗುವಾಗ ಹುಡುಗನಂಥ ಅಟೆಂಡರೊಬ್ಬ ಪೆಟ್ಟಿಗೆಗಳ ಗಾಡಿ ತಳ್ಳಿಕೊಂಡು ಬಂದು, ಸೀಟಿಗೊಂದರಂತೆ ಇಫ್ತಾರ್ ಪೊಟ್ಟಣ ಇಡತೊಡಗಿದ. ಖಾಲಿ ಸೀಟುಗಳಿಗೂ ಇಟ್ಟ.

"ಯಾರೂ ಇಲ್ಲವಲ್ಲ," ಎಂದ ಮಸೂದ್ ಹಿಂದಿಯಲ್ಲಿ.

"ಸೀಟಿಗೊಂದು ಅಂತ ಕೊಟ್ಟಿದ್ದಾರೆ ಸಾಬ್."

ಫೋನ್ ಅದುರಿತು, ವಿಡಿಯೊ ಕಾಲ್. ಆಮಿರಾ. ತಲೆ ಮುಚ್ಚಿದ ಹೊಸ ತಟ್ಟ, ಒಣಗಿದ ತುಟಿ, ಕಣ್ಣಲ್ಲಿ ಗೆದ್ದವಳ ಹೊಳಪು.

"ಉಪ್ಪ, ಐ ಡಿಡಂಟ್ ಈವನ್ ಡ್ರಿಂಕ್ ವಾಟರ್! ಆರ್ ಯು ಹಂಗ್ರಿ?"

"ಹೂಂ. ತುಂಬ."

"ಮೀ ಟೂ. ವಿ ವಿಲ್ ಈಟ್ ಟುಗೆದರ್, ಓಕೆ? ಸೇಮ್ ಟೈಮ್."

"ಓಕೆ."

"ನಿಮ್ಮ ಹತ್ರ ಯಾರು ಕೂತಿದ್ದಾರೆ? ಶೋ ಮಿ."

ಅವನು ಫೋನ್ ತಿರುಗಿಸಿ ಬೋಗಿ ತೋರಿಸಿದ.

"ವೇರ್ ಈಸ್ ಎವ್ರಿಬಡಿ?"

"ಎಲ್ಲ ಮನೆಗೆ ಹೋಗಿದ್ದಾರೆ."

ಅಷ್ಟರಲ್ಲಿ ಅವಳ ಹಿಂದಿನಿಂದ ಬಾಂಗ್ ಕೇಳಿಸಿತು. "ನೌ, ಉಪ್ಪ, ನೌ!" ಅವಳ ಬೆರಳುಗಳ ನಡುವೆ ಖರ್ಜೂರವಿತ್ತು. ಅವನೂ ಕಾಕನ ಪೊಟ್ಟಣ ಬಿಚ್ಚಿ ಒಂದನ್ನು ತುಟಿಯವರೆಗೆ ತಂದ.

"ಸಾಬ್, ಇನ್ನೂ ಆಗಿಲ್ಲ," ಎಂದ ಅಟೆಂಡರ್, ನಯವಾಗಿ. "ದುಬೈ ಪೂರ್ವಕ್ಕಲ್ವಾ, ಅಲ್ಲಿ ಬಾಂಗ್ ಮೊದಲು ಆಗ್ತದೆ. ನಾವಿನ್ನೂ ಅಬುಧಾಬಿಯ ಗಡಿಯೊಳಗೇ ಇದ್ದೇವೆ. ನಾಲ್ಕು ನಿಮಿಷ ತಡೀರಿ." ಅವನ ಕೈಯಲ್ಲೂ ಒಂದು ಪೊಟ್ಟಣವಿತ್ತು. ಅದನ್ನು ಅವನು ತೆರೆದಿರಲಿಲ್ಲ.

ಹಸಿದವನೊಬ್ಬ ತನ್ನನ್ನೂ ಹಸಿದವನೆಂದು ನಂಬಿ ತಡೆಯುತ್ತಿದ್ದಾನೆ. ಮಸೂದನ ಕೈ ಕೆಳಗಿಳಿಯಿತು.

"ಉಪ್ಪ?"

"ನನಗಿನ್ನೂ ಹೊತ್ತಾಗಿಲ್ಲ ಮಗಾ. ನೀನು ತಿನ್ನು."

"ಬಟ್ ಯು ಸೆಡ್..."

ಯಾರೋ ಅವಳನ್ನು ಕರೆದರು. ಫೋನನ್ನು ಕೆಳಗಿಟ್ಟರು. ಪರದೆಯ ಮೇಲೆ ಮನೆಯ ಛಾವಣಿ ಕಾಣಿಸಿತು, ಅದರಲ್ಲೊಂದು ಉದ್ದದ ಬಿಳಿ ದೀಪ. ತಟ್ಟೆಗಳ ಸದ್ದು, "ಬಿಸ್ಮಿಲ್ಲಾ ಹೇಳು ಹೇಳು" ಎನ್ನುವ ಅತ್ತೆಯ ದನಿ, ನಗು. ಅವಳ ಬಾಯಿಗೆ ಯಾರು ಇಟ್ಟರೋ ಕಾಣಿಸಲಿಲ್ಲ.

ಕಾಲ್ ಯಾರೂ ಕಟ್ ಮಾಡಲಿಲ್ಲ. ಅವನೂ ಮಾಡಲಿಲ್ಲ. ಆ ಛಾವಣಿಯನ್ನೇ ನೋಡುತ್ತ ಕೂತ. ಹೊರಗೆ ಬೆಳಕು ಆರಿತು. ನಾಲ್ಕು ನಿಮಿಷ ಕಳೆದವೋ ಏನೋ, ಅಟೆಂಡರ್ ಬಾಗಿಲ ಬಳಿ ಬೆನ್ನು ತಿರುಗಿಸಿ ಕೂತು ತಿನ್ನತೊಡಗಿದ್ದ. ಮಸೂದನ ಮುಷ್ಟಿಯಲ್ಲಿದ್ದ ಖರ್ಜೂರ ಮೆತ್ತಗಾಗಿ ಅಂಗೈಗೆ ಅಂಟಿಕೊಂಡಿತ್ತು.

ರೈಲು ವೇಗ ಹೆಚ್ಚಿಸಿಕೊಂಡಿತು. ಸಾಲು ಸಾಲು ಖಾಲಿ ಸೀಟುಗಳ ಮೇಲೆ ಪೊಟ್ಟಣಗಳೆಲ್ಲ ಒಟ್ಟಿಗೆ ನಡುಗಿದವು.